ವರ್ಷದ ಉತ್ತಮ ಆಲ್ಬಂ ಆರಿಸುವವರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಕನ್ನಡ ಪತ್ರಿಕೆಗಳ ಪುರವಣಿ ಸಂಪಾದಕರಿಗೆ, ಬಾನುಲಿ ಮತ್ತು ವಾಹಿನಿಗಳಲ್ಲಿ ವರ್ಷಾಂತ್ಯದ ಸಂಗೀತ ಕಾರ್ಯಕ್ರಮ ರೂಪಿಸುವವರಿಗೆ, ಆ ಪಟ್ಟಿಗಳನ್ನು ಮುಂದಿಟ್ಟುಕೊಂಡು ವಾದಕ್ಕಿಳಿಯುವ ಎಲ್ಲ ಕೇಳುಗರಿಗೆ,

ನಮಸ್ಕಾರ. ಡಿಸೆಂಬರ್ ಎರಡನೇ ವಾರ ಬಂತೆಂದರೆ ನಿಮ್ಮಲ್ಲಿ 'ವರ್ಷದ ಟಾಪ್ 10' ಶುರುವಾಗುತ್ತದೆ. ದಾವಣಗೆರೆಯಲ್ಲಿ ನಾವೊಂದಿಷ್ಟು ಜನ ಅದನ್ನು ಓದಿ ಬದಿಗಿಡುವವರಲ್ಲ. ಕೆ.ಬಿ. ಬಡಾವಣೆಯ ಗೆಳೆಯರೊಬ್ಬರ ಮನೆಯ ಪಡಸಾಲೆಯಲ್ಲಿ ಭಾನುವಾರ ಸಂಜೆ ಸೇರಿ, ಪಟ್ಟಿಯನ್ನು ನಡುವೆ ಹರಡಿ, ಒಂದೊಂದು ಹೆಸರಿನ ಮೇಲೂ ಜಗಳ ತೆಗೆಯುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿದ್ದಾರೆ, ಎಂಜಿನಿಯರಿಂಗ್ ಓದುವ ಹುಡುಗರಿದ್ದಾರೆ, ಶಾಲೆಯಲ್ಲಿ ಸಂಗೀತ ಕಲಿಸುವ ಅಕ್ಕ ಇದ್ದಾರೆ, ಮಂಡಿಪೇಟೆಯಲ್ಲಿ ಅಂಗಡಿ ಮುಚ್ಚಿ ನೇರವಾಗಿ ಬರುವವರೂ ಇದ್ದಾರೆ. ಮಂಡಕ್ಕಿ, ಮೆಣಸಿನಕಾಯಿ, ಚಹಾ ಖಾಲಿಯಾದ ಮೇಲೂ ವಾದ ಖಾಲಿಯಾಗುವುದಿಲ್ಲ. ಈ ಪತ್ರ ಆ ಪಡಸಾಲೆಯ ವಾದದಿಂದಲೇ ಹುಟ್ಟಿದ್ದು. ಬರೆಯುತ್ತಿರುವುದು ನಾನು, ಅಭಿಪ್ರಾಯವೂ ನನ್ನದೇ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮುಂದಿನ ಸಲ ಪಟ್ಟಿಯನ್ನು ವರ್ಷ ಮುಗಿದ ಮೇಲೆ, ಜನವರಿಯಲ್ಲಿ ಪ್ರಕಟಿಸಿ. ಬಿಡಿ ಹಾಡುಗಳ ಪಟ್ಟಿಯ ಜೊತೆಗೆ ಪೂರ್ತಿ ಆಲ್ಬಂಗಳದ್ದೇ ಒಂದು ಪಟ್ಟಿ ಮಾಡಿ, ಅದರಲ್ಲಿ ಸಿನಿಮಾದ ಹೊರಗಿನ ಸಂಗೀತಕ್ಕೂ ಬಾಗಿಲು ತೆರೆದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಯಾವುದಕ್ಕೆ ಎಷ್ಟು ಅಂಕ ಕೊಟ್ಟರು ಎನ್ನುವುದನ್ನು ಹೆಸರು ಸಮೇತ ಅಚ್ಚು ಹಾಕಿಸಿ.

ಕೊನೆಯ ಮಾತನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಎಣಿಸುವ ರೀತಿ ಬದಲಾದರೆ ಗೆದ್ದವರೇ ಬದಲಾಗುತ್ತಾರೆ. ಇದು ನಮ್ಮ ಪಡಸಾಲೆಯಲ್ಲೇ ಆಯಿತು. ಏಳು ಜನ ಇದ್ದೆವು. ಕಡೆಯ ಸುತ್ತಿಗೆ ಮೂರು ಆಲ್ಬಂ ಉಳಿದಿದ್ದವು: ಒಂದು ಸಿನಿಮಾದ್ದು, ಒಂದು ವಚನಗಳದ್ದು, ಇನ್ನೊಂದು ಹೊಸ ಹುಡುಗರ ಬ್ಯಾಂಡಿನದು. ಮೂವರು ಸಿನಿಮಾ ಮೊದಲು, ವಚನ ಎರಡನೆಯದು, ಬ್ಯಾಂಡ್ ಕೊನೆಗೆ ಎಂದು ಬರೆದರು. ಇಬ್ಬರು ವಚನ, ಬ್ಯಾಂಡ್, ಸಿನಿಮಾ ಎಂದು ಬರೆದರು. ಉಳಿದಿಬ್ಬರು ಬ್ಯಾಂಡ್, ವಚನ, ಸಿನಿಮಾ ಎಂದರು. ಮೊದಲ ಸ್ಥಾನಗಳನ್ನಷ್ಟೇ ಎಣಿಸಿದರೆ ಸಿನಿಮಾಕ್ಕೆ ಮೂರು, ಉಳಿದೆರಡಕ್ಕೆ ಎರಡೆರಡು. ಸಿನಿಮಾ ಗೆದ್ದಿತು. ಆಗ ಸಂಗೀತದ ಅಕ್ಕ, "ತಡೀರಿ, ಏಳು ಜನರಲ್ಲಿ ನಾಲ್ಕು ಜನ ಅದನ್ನ ಕೊನೆಗೆ ಹಾಕಿದ್ದೀವಲ್ಲ, ಅದು ಹೆಂಗೆ ಮೊದಲಾಯ್ತು?" ಎಂದು ಕಾಗದ ಕಸಿದುಕೊಂಡರು. ಮೊದಲ ಸ್ಥಾನಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಅಂಕ ಎಂದು ಕೂಡಿಸಿದರು. ಸಿನಿಮಾಕ್ಕೆ 13, ಬ್ಯಾಂಡಿಗೆ 13, ವಚನಕ್ಕೆ 16 ಬಂತು.

ಅದೇ ಏಳು ಜನ, ಅದೇ ಅಭಿಪ್ರಾಯ. ಒಬ್ಬರೂ ಮನಸ್ಸು ಬದಲಿಸಿರಲಿಲ್ಲ. ಲೆಕ್ಕ ಬದಲಾದದ್ದಕ್ಕೇ ಒಂದನೇ ನಂಬರು ಬದಲಾಯಿತು. ಹೀಗೆ ಸ್ಥಾನಕ್ಕೊಂದು ಅಂಕ ಕೊಟ್ಟು ಕೂಡಿಸುವ ಕ್ರಮವನ್ನು ಫ್ರಾನ್ಸಿನ ಬೋರ್ದಾ ಎಂಬ ವಿದ್ವಾಂಸ ಹದಿನೆಂಟನೇ ಶತಮಾನದಲ್ಲೇ ಮಂಡಿಸಿದ್ದ. ಹೊಸತೇನಲ್ಲ. ಹಾಗಿದ್ದಮೇಲೆ ನೀವು ಯಾವ ಕ್ರಮದಲ್ಲಿ ಎಣಿಸಿದಿರಿ ಎಂದು ಪಟ್ಟಿಯ ಕೆಳಗೆ ಎರಡು ಸಾಲು ಬರೆಯುವುದಕ್ಕೇನು ಕಷ್ಟ? 'ನಮ್ಮ ತಂಡದ ಆಯ್ಕೆ' ಎಂದಷ್ಟೇ ಹಾಕಿದರೆ ಓದುಗರಿಗೆ ಏನೂ ಗೊತ್ತಾಗುವುದಿಲ್ಲ. ತಂಡದಲ್ಲಿ ಮೂವರಿದ್ದರೋ ಮೂವತ್ತು ಜನರಿದ್ದರೋ, ಅವರಲ್ಲಿ ಎಷ್ಟು ಮಂದಿ ಆ ಹತ್ತೂ ಆಲ್ಬಂಗಳನ್ನು ಕೇಳಿದ್ದರೋ, ಒಂದೂ ತಿಳಿಯುವುದಿಲ್ಲ.

ಈ ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಿದವರಿದ್ದಾರೆ. ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆ 1971ರ ಸಂಗೀತಕ್ಕಾಗಿ 'ಪ್ಯಾಜ್ ಅಂಡ್ ಜಾಪ್' ಎಂಬ ವಿಮರ್ಶಕರ ಮತದಾನ ಶುರು ಮಾಡಿತು. ಅದರ ಹಿಂದಿದ್ದವರು ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ. ಅಲ್ಲಿನ ನಿಯಮ ನನಗೆ ಬಹಳ ಹಿಡಿಸಿದೆ. ಪ್ರತಿಯೊಬ್ಬ ವಿಮರ್ಶಕನ ಕೈಗೆ 100 ಅಂಕ. ಅದನ್ನು 10 ಆಲ್ಬಂಗಳಿಗೆ ಹಂಚಬೇಕಿತ್ತು. ಒಂದಕ್ಕೆ 30ಕ್ಕಿಂತ ಹೆಚ್ಚು ಕೊಡುವ ಹಾಗಿರಲಿಲ್ಲ, 5ಕ್ಕಿಂತ ಕಡಿಮೆಯೂ ಇರಲಿಲ್ಲ. ಇದರಿಂದ ಒಂದು ಆಲ್ಬಂ ಅವನಿಗೆ ಎಷ್ಟನೇ ಸ್ಥಾನದ್ದು ಎನ್ನುವುದರ ಜೊತೆಗೆ ಎಷ್ಟು ಇಷ್ಟವಾದದ್ದು ಎನ್ನುವುದೂ ಬಯಲಾಗುತ್ತಿತ್ತು. ಮೊದಲನೆಯದಕ್ಕೆ 30 ಕೊಟ್ಟವನಿಗೂ 11 ಕೊಟ್ಟವನಿಗೂ ವ್ಯತ್ಯಾಸವಿದೆಯಲ್ಲ. ಮುಂದೆ ಅವರು ಪ್ರತಿಯೊಬ್ಬರ ಪಟ್ಟಿಯನ್ನೂ ಓದುಗರಿಗೆ ಸಿಗುವಂತೆ ಮಾಡಿದರು. ನಮ್ಮ ಅಭಿರುಚಿಗೆ ಹತ್ತಿರವಾದ ಒಬ್ಬ ವಿಮರ್ಶಕ ಸಿಕ್ಕರೆ ಸಾಕು, ಅವನ ಪಟ್ಟಿ ಹಿಡಿದು ನಾವು ಕೇಳದೇ ಇದ್ದ ಐದಾರು ಆಲ್ಬಂಗಳನ್ನು ಹುಡುಕಿಕೊಳ್ಳಬಹುದಿತ್ತು. ಓದುಗರಿಗೆ ಬೇಕಾದ್ದು ಅದು.

ಆ ಮತದಾನದ ಫಲಿತಾಂಶ ಬರುತ್ತಿದ್ದುದು ವರ್ಷ ಕಳೆದ ಮೇಲೆ. ಅದರಿಂದ ಏನು ಪ್ರಯೋಜನವಾಯಿತು ನೋಡಿ. 2014ರ ಡಿಸೆಂಬರ್ 15ರಂದು ಡಿಆಂಜೆಲೊ ಎಂಬ ಗಾಯಕ 'ಬ್ಲ್ಯಾಕ್ ಮೆಸ್ಸಾಯ' ಎಂಬ ಆಲ್ಬಂ ಬಿಡುಗಡೆ ಮಾಡಿದ. ಹದಿನಾಲ್ಕು ವರ್ಷ ಕಾದಿದ್ದ ಅಭಿಮಾನಿಗಳಿಗೆ ಸಿಕ್ಕ ಆಲ್ಬಂ ಅದು. ಅಷ್ಟರೊಳಗೆ ಎಷ್ಟೋ ಪತ್ರಿಕೆಗಳ 'ವರ್ಷದ ಅತ್ಯುತ್ತಮ' ಪಟ್ಟಿಗಳು ಮುದ್ರಣವಾಗಿ ಹೋಗಿದ್ದವು. ಕಾದು ಕುಳಿತಿದ್ದ ಪ್ಯಾಜ್ ಅಂಡ್ ಜಾಪ್‌ನಲ್ಲಿ ಮಾತ್ರ ಅದಕ್ಕೆ ನ್ಯಾಯ ಸಿಕ್ಕಿತು, ಆ ವರ್ಷದ ಮೊದಲ ಸ್ಥಾನವೇ ಅದರ ಪಾಲಾಯಿತು. ಅದರ ಹಿಂದಿನ ವರ್ಷ, 2013ರ ಡಿಸೆಂಬರ್ 13ರಂದು, ಬಿಯಾನ್ಸೆ ಮುನ್ಸೂಚನೆಯೇ ಇಲ್ಲದೆ ತನ್ನ ಹೆಸರಿನದೇ ಆಲ್ಬಂ ಬಿಟ್ಟಾಗಲೂ ಅವಸರದ ಪಟ್ಟಿಗಳು ಅದನ್ನು ಸೇರಿಸಿಕೊಳ್ಳಲಾಗದೆ ಉಳಿದವು.

ನಮ್ಮಲ್ಲಿ ಡಿಸೆಂಬರ್ ಇನ್ನೂ ಮುಖ್ಯ. ರಾಜ್ಯೋತ್ಸವದ ನೆಪದಲ್ಲಿ ನವೆಂಬರಿನಲ್ಲಿ ಬಿಡುಗಡೆಯಾಗುವ ಭಾವಗೀತೆ, ನಾಡಗೀತೆ, ವಚನಗಳ ಆಲ್ಬಂಗಳು ಜನರ ಕಿವಿಗೆ ಬೀಳುವುದಕ್ಕೇ ಒಂದು ತಿಂಗಳು ಬೇಕು. ಅವುಗಳ ಹಿಂದೆ ಜಾಹೀರಾತಿಲ್ಲ, ಟೀಸರ್ ಇಲ್ಲ, ನಾಯಕ ನಟನ ಮುಖವಿಲ್ಲ. ಒಬ್ಬರು ಕೇಳಿ ಇನ್ನೊಬ್ಬರಿಗೆ ಹೇಳಿ, ಅವರು ಮೊಬೈಲಿನಲ್ಲಿ ಕಳಿಸಿ, ಹಾಗೆ ಸಾಗಬೇಕು. ನೀವು ಡಿಸೆಂಬರ್ ಮೊದಲ ವಾರವೇ ಲೆಕ್ಕ ಮುಚ್ಚಿದರೆ ಆ ಆಲ್ಬಂ ಆ ವರ್ಷದ್ದೂ ಅಲ್ಲ, ಮುಂದಿನ ವರ್ಷ ಹೊಸದೂ ಅಲ್ಲ. ಎರಡೂ ಕಡೆ ಸಲ್ಲದೆ ಹೋಗುತ್ತದೆ. ಒಂದು ತಿಂಗಳು ತಡವಾದರೆ ನಿಮ್ಮ ಪಟ್ಟಿಯ ಬೆಲೆ ಕಡಿಮೆಯಾಗುವುದಿಲ್ಲ. ಓದುವವರು ನಾವು ಹೇಳುತ್ತಿದ್ದೇವೆ, ಕಾಯುತ್ತೇವೆ.

ಇನ್ನು ಸಿನಿಮಾದ ಮಾತು. ಸಿನಿಮಾ ಹಾಡುಗಳ ಮೇಲೆ ನನಗೆ ಕೋಪವಿಲ್ಲ. ಹಂಸಲೇಖ ಅವರ ಹಾಡು ಕೇಳಿಕೊಂಡೇ ಬೆಳೆದವನು ನಾನು. ಆದರೆ ಹತ್ತಕ್ಕೆ ಹತ್ತೂ ಸಿನಿಮಾದವೇ ಆದಾಗ ಅದಕ್ಕೆ 'ಕನ್ನಡದ ವರ್ಷದ ಸಂಗೀತ' ಎಂದು ತಲೆಬರಹ ಕೊಡುವುದು ತಪ್ಪು. ಈ ನಾಡಿನಲ್ಲಿ ಸಿನಿಮಾಕ್ಕೆ ಸೇರದ ಸಂಗೀತದ ದಾರಿ ದೊಡ್ಡದು. 1978ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಒಬ್ಬ ಕವಿಯ ಪದ್ಯಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ಕೂರಿಸಿ, ಮನೆಮನೆಯಲ್ಲಿ ಹಾಡಿಸಬಹುದು ಎಂದು ಅದು ತೋರಿಸಿಕೊಟ್ಟಿತು. ಆಮೇಲೆ ಸಿ. ಅಶ್ವತ್ಥ್ ಅವರ ದನಿಯಲ್ಲಿ ಶರೀಫಜ್ಜನ ಪದಗಳು ಹಳ್ಳಿಯ ಟೀ ಅಂಗಡಿಯಿಂದ ಬೆಂಗಳೂರಿನ ಮೈದಾನದವರೆಗೂ ಮೊಳಗಿದವು. 2008ರಲ್ಲಿ ರಘು ದೀಕ್ಷಿತ್ ತಮ್ಮ ಹೆಸರಿನದೇ ಆಲ್ಬಂ ತಂದಾಗ ಅದರಲ್ಲಿ ಹಿಂದಿ ಹಾಡುಗಳ ಪಕ್ಕದಲ್ಲೇ ಶರೀಫರು ಗಿಟಾರಿನ ಮೇಲೆ ಬಂದು ಕೂತಿದ್ದರು. ಶಿಶುವಿನಹಾಳ ನಮ್ಮ ಪಕ್ಕದ ಹಾವೇರಿ ಜಿಲ್ಲೆಯದು. ಆ ಅಜ್ಜನ ಪದವನ್ನು ಇಪ್ಪತ್ತರ ಹುಡುಗ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾನೆ ಎಂದರೆ ಅದಕ್ಕೆ ಇಂಥ ಆಲ್ಬಂಗಳೇ ಕಾರಣ.

ನಮ್ಮ ಊರಿನದೇ ಹೇಳುತ್ತೇನೆ. ದಾವಣಗೆರೆ ಎಂದರೆ ಹತ್ತಿ ಗಿರಣಿ, ಬೆಣ್ಣೆ ದೋಸೆ ಎನ್ನುವವರಿಗೆ ಇದು ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಎನ್ನುವುದು ನೆನಪಿರಲಿ. ನಮ್ಮ ಹಿರಿಯರಿಗೆ ಹಾಡು ಮೊದಲು ಸಿಕ್ಕಿದ್ದು ಕಂಪನಿ ನಾಟಕದ ಟೆಂಟಿನಲ್ಲಿ, ಕಾಲಲ್ಲಿ ಒತ್ತುವ ಹಾರ್ಮೋನಿಯಂನ ಮುಂದೆ. ಒನ್ಸ್ ಮೋರ್ ಬಿದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕಿತ್ತು ಎಂದು ನಮ್ಮ ಗುಂಪಿನ ಹಿರಿಯರು ಈಗಲೂ ಹೇಳುತ್ತಾರೆ. ಪಕ್ಕದ ಚಿತ್ರದುರ್ಗಕ್ಕೆ ಹೋಗಿ. 1997ರವರೆಗೆ ಎರಡೂ ಒಂದೇ ಜಿಲ್ಲೆಯಾಗಿದ್ದವು. ಅಲ್ಲಿನ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರದ ಕಲಾವಿದರು ನಾಟಕದ ಜೊತೆಗೆ ವಚನಗಳನ್ನೂ ಹೊತ್ತು ಊರೂರು ಸುತ್ತುತ್ತಾರೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಓದು ಬರಹ ಗೊತ್ತಿಲ್ಲದೆ ಸಾವಿರಾರು ಪದಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಅಂಥ ಒಂದು ದನಿ ಈ ವರ್ಷ ಧ್ವನಿಮುದ್ರಣವಾಗಿ ಬಂದಿದ್ದರೆ ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಯಾವ ಜಾಗ ಇತ್ತು? ಬೆಂಗಳೂರಿನ ನಾಲ್ಕೈದು ಜನರಷ್ಟೇ ಕೂತು ಆರಿಸಿದರೆ ಅದು ಅವರ ಕಿವಿಗೆ ಬೀಳುವುದೇ ಅನುಮಾನ.

ಆರಿಸುವವರು ಬದಲಾದರೆ ಪಟ್ಟಿ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ರೋಲಿಂಗ್ ಸ್ಟೋನ್ ಪತ್ರಿಕೆಯ ಸಾರ್ವಕಾಲಿಕ 500 ಆಲ್ಬಂಗಳ ಪಟ್ಟಿ ನೋಡಿ. 2003ರಲ್ಲೂ 2012ರಲ್ಲೂ ಮೊದಲ ಸ್ಥಾನ ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್ಸ್' ಆಲ್ಬಂನದ್ದು. 2020ರಲ್ಲಿ ಅವರು ಹೊಸದಾಗಿ ಮತ ಹಾಕಿಸಿದರು, ಮತ ಹಾಕಿದವರಲ್ಲಿ ಹೊಸ ತಲೆಮಾರಿನ ಕಲಾವಿದರು ಬಹಳ ಮಂದಿ ಇದ್ದರು. ಆಗ ಆರನೇ ಸ್ಥಾನದಲ್ಲಿದ್ದ ಮಾರ್ವಿನ್ ಗೇ 1971ರ 'ವಾಟ್ಸ್ ಗೋಯಿಂಗ್ ಆನ್' ಜೊತೆ ಮೊದಲ ಸ್ಥಾನಕ್ಕೇರಿದ, ಬೀಟಲ್ಸ್ ಆಲ್ಬಂ 24ಕ್ಕೆ ಇಳಿಯಿತು. ಆಲ್ಬಂಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಇದನ್ನು ಹೇಳಿದರೆ ನಮ್ಮ ಗುಂಪಿನ ಕೆಲವರು, ಹಾಗಾದರೆ ಪಟ್ಟಿಗಳೆಲ್ಲ ಸುಳ್ಳು ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಯಾರ ಕಿವಿಯಿಂದ ಕೇಳಿದ್ದು ಎಂದು ತಿಳಿದರೆ ಪ್ರತಿ ಪಟ್ಟಿಯೂ ನಿಜವೇ. ಹಾಗಾಗಿ ಕಲಬುರಗಿಯವರು, ಮಂಗಳೂರಿನವರು, ಧಾರವಾಡದವರು, ನಮ್ಮ ಕಡೆಯವರು, ಹೆಣ್ಣುಮಕ್ಕಳು, ಹಾರ್ಮೋನಿಯಂ ನುಡಿಸುವವರು, ರ‍್ಯಾಪ್ ಬರೆಯುವ ಹುಡುಗರು, ಎಲ್ಲರನ್ನೂ ಮತಕ್ಕೆ ಕರೆಯಿರಿ.

ಗುಂಪಿನ ಹುಡುಗನೊಬ್ಬ ಪ್ರತಿ ಸಲ ಎತ್ತುವ ಪ್ರಶ್ನೆ ಒಂದಿದೆ. "ಸರ್, ಮತ ಯಾಕೆ ಬೇಕು? ಎಷ್ಟು ಸಲ ಕೇಳಿದಾರೆ ಅಂತ ಆ್ಯಪೇ ಲೆಕ್ಕ ಇಡುತ್ತಲ್ಲ. ಜಾಸ್ತಿ ಓಡಿದ್ದು ಒಂದನೇದು, ಅಷ್ಟೇ." ಅವನ ಮಾತಿನಲ್ಲಿ ತೂಕ ಇಲ್ಲವೆಂದಲ್ಲ. ನಾಲ್ಕು ಜನರ ಅಭಿರುಚಿಗಿಂತ ಲಕ್ಷಾಂತರ ಜನರ ಆಯ್ಕೆ ದೊಡ್ಡದು ಎನ್ನುವುದು ಅವನ ನಂಬಿಕೆ. ಆದರೆ ಆ ಲೆಕ್ಕ ಹೇಗೆ ನಡೆಯುತ್ತದೆ ಎನ್ನುವುದನ್ನೂ ನೋಡಬೇಕು. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಒಂದು ಸಲ ಕೇಳಿದಂತೆ. ಮೂವತ್ತು ಸೆಕೆಂಡಿನಲ್ಲಿ ವಿಲಂಬಿತದಲ್ಲಿ ಎತ್ತಿಕೊಂಡ ವಚನವೊಂದು ಅಂಕಿತದ ಹತ್ತಿರವಿರಲಿ, ಪಲ್ಲವಿಯನ್ನೂ ಮುಗಿಸಿರುವುದಿಲ್ಲ. ಅಂಗಡಿಯಲ್ಲಿ ಹಿನ್ನೆಲೆಗೆ ಹಾಕಿಟ್ಟದ್ದೂ, ಕಣ್ಣು ಮುಚ್ಚಿ ಕೂತು ಕೇಳಿದ್ದೂ ಅಲ್ಲಿ ಒಂದೇ. 2024ರಿಂದ ಅದೇ ಕಂಪನಿ, 12 ತಿಂಗಳಲ್ಲಿ 1,000 ಸಲವಾದರೂ ಓಡದ ಹಾಡಿಗೆ ಹಣ ಕೊಡುವುದನ್ನು ನಿಲ್ಲಿಸಿದೆ. ಕನ್ನಡದ ಸಣ್ಣ ಕಲಾವಿದರಿಗೆ ಇದು ನೇರವಾಗಿ ತಟ್ಟುವ ವಿಷಯ. ಪತ್ರಿಕೆಯೊಂದು ಅಂಥವರ ಆಲ್ಬಂನ ಹೆಸರನ್ನು ಹನ್ನೆರಡನೆಯದಾಗಿ ಬರೆದರೂ ಸಾಕು, ಒಂದಿಷ್ಟು ಜನ ಹುಡುಕಿ ಕೇಳುತ್ತಾರೆ. ಎಣಿಕೆಯ ಯಂತ್ರ ಈಗಾಗಲೇ ಜನ ಕೇಳಿದ್ದನ್ನೇ ಮತ್ತೆ ತೋರಿಸುತ್ತದೆ. ಜನ ಇನ್ನೂ ಕೇಳದ್ದನ್ನು ತೋರಿಸುವುದು ನಿಮ್ಮ ಕೆಲಸ.

ಇದಕ್ಕೆ ಪೂರ್ತಿ ವಿರುದ್ಧವಾದ ಆಕ್ಷೇಪ ಬ್ಯಾಂಕಿನ ಹಿರಿಯರದು. ಸಂಗೀತಕ್ಕೆ ನಂಬರು ಕೊಡುವುದೇ ಅಪಚಾರ ಎನ್ನುತ್ತಾರೆ ಅವರು. "ಮನ್ಸೂರರ ವಚನಕ್ಕೆ ಎಂಟು, ಇನ್ನೊಬ್ಬರದಕ್ಕೆ ಒಂಬತ್ತು ಅಂತ ಹಾಕೋಕೆ ಕೈಯಾದ್ರೂ ಹೆಂಗೆ ಬರುತ್ತಪ್ಪ ನಿಮಗೆ?" ಎಂದು ಒಮ್ಮೆ ನಿಜವಾಗಿಯೂ ನೊಂದುಕೊಂಡಿದ್ದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ವಚನದ ಆಲ್ಬಂ ಒಂದನ್ನೂ ರ‍್ಯಾಪ್ ಆಲ್ಬಂ ಒಂದನ್ನೂ ಅಕ್ಕಪಕ್ಕ ಇಟ್ಟಾಗ ನನಗೂ ಪೆನ್ನು ನಿಲ್ಲುತ್ತದೆ. ಆದರೂ ನಾನು ಸ್ಥಾನ ಕೊಡುವವರ ಪಕ್ಷದವನೇ. ಯಾಕೆಂದರೆ 'ಎಲ್ಲವೂ ಚೆನ್ನಾಗಿದೆ' ಎನ್ನುವವನು ಯಾವುದನ್ನೂ ಎರಡನೇ ಸಲ ಕೇಳಬೇಕಾಗಿಲ್ಲ. ಇದು ಐದನೆಯದೋ ಆರನೆಯದೋ ಎಂದು ಬರೆಯಬೇಕಾದವನು ಮತ್ತೆ ಕೇಳಲೇಬೇಕು. ಆ ಹಿರಿಯರನ್ನೇ ನೋಡಿ. ಪಟ್ಟಿ ಬೇಡವೆನ್ನುತ್ತಲೇ ಹುಡುಗರ ಬ್ಯಾಂಡಿನ ಆಲ್ಬಂ ಅನ್ನು ಮೊದಲಿನಿಂದ ಕೊನೆತನಕ ಕೇಳಿ ಬಂದಿದ್ದರು. ನಾಲ್ಕನೇ ಹಾಡಿನಲ್ಲಿ ಕೊಳಲು ಒಳಗೆ ಬರುವ ಜಾಗ, ಅಲ್ಲಿ ಡ್ರಮ್ಸ್ ತಾನಾಗಿ ತಗ್ಗುವ ಬಗೆ, ಇವನ್ನು ನಮಗೆ ತೋರಿಸಿಕೊಟ್ಟವರು ಅವರೇ. ಆ ಬ್ಯಾಂಡನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ ಹುಡುಗರಿಗೂ ಅದು ಅಲ್ಲಿಯವರೆಗೆ ಕೇಳಿರಲಿಲ್ಲ.

ಪೂರ್ತಿ ಆಲ್ಬಂಗಳ ಪಟ್ಟಿ ಬೇಕು ಎನ್ನುವುದು ಇದಕ್ಕೇ. ಎಲ್‌ಪಿ ತಟ್ಟೆಯ ಒಂದು ಬದಿಗೆ ಸುಮಾರು ಇಪ್ಪತ್ತೆರಡು ನಿಮಿಷ, ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ. ಆ ಅಳತೆಯೊಳಗೆ ಯಾವ ಹಾಡು ಮೊದಲು, ಎ ಸೈಡ್ ಯಾವುದರಲ್ಲಿ ಮುಗಿಯಬೇಕು, ಬಿ ಸೈಡ್ ಯಾವುದರಿಂದ ಏಳಬೇಕು ಎಂದು ಸಂಗೀತ ಸಂಯೋಜಕರು ಕೂತು ಯೋಚಿಸುತ್ತಿದ್ದರು. ಕ್ಯಾಸೆಟ್ ಹೋದರೂ ಆ ಯೋಚನೆ ಇನ್ನೂ ಉಳಿದಿದೆ. ಎಂಟು ಹಾಡುಗಳನ್ನು ಒಂದು ಕ್ರಮದಲ್ಲಿ ಕಟ್ಟುವ ಹೊಸ ಹುಡುಗರಿದ್ದಾರೆ. ಅವರ ಒಂದು ಹಾಡನ್ನಷ್ಟೇ ಕಿತ್ತು ಪಟ್ಟಿಗೆ ಹಾಕುವುದು, ಕಾದಂಬರಿಯ ಒಂದು ಅಧ್ಯಾಯ ಓದಿ ಬಹುಮಾನ ಕೊಟ್ಟಂತೆ.

ಇನ್ನೊಂದು ಕೋರಿಕೆ, ನಿಮಗೆ ಸಣ್ಣದೆನಿಸಬಹುದು. ಹಳೆಯ ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಟ್ಟ ಒಂದು ಕಾಗದ ಇರುತ್ತಿತ್ತು. ನನ್ನ ಹತ್ತಿರ ಈಗಲೂ ಕೆಲವಿವೆ, ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿದೆ, ಅಂಚು ಹಳದಿಯಾಗಿದೆ. ಅದರಲ್ಲಿ ಹಾಡಿನ ಸಾಲು, ಎದುರಿಗೆ ಕವಿಯ ಹೆಸರು, ಹಾಡಿದವರು, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ತಬಲಾ ಯಾರು, ಕೊಳಲು ಯಾರು, ರಿದಂ ಪ್ಯಾಡ್ ಯಾರು, ಧ್ವನಿಮುದ್ರಣ ಎಲ್ಲಿ ಎನ್ನುವುದೆಲ್ಲ ಇರುತ್ತಿತ್ತು. ಒಬ್ಬ ತಬಲಾದವರ ಹೆಸರು ನಾಲ್ಕು ಕ್ಯಾಸೆಟ್ಟಿನಲ್ಲಿ ಕಂಡರೆ, ಐದನೆಯದನ್ನು ಅವರ ಹೆಸರು ನೋಡಿಯೇ ಕೊಳ್ಳುತ್ತಿದ್ದೆವು. ಈಗ ಮೊಬೈಲಿನಲ್ಲಿ ಎಷ್ಟೋ ಕನ್ನಡ ಆಲ್ಬಂಗಳಿಗೆ ಕವಿಯ ಹೆಸರೂ ಸಿಗುವುದಿಲ್ಲ. ವಚನಕಾರರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರಿರುತ್ತದೆ. ನೀವು ಪಟ್ಟಿ ಪ್ರಕಟಿಸುವಾಗ ಪ್ರತಿ ಆಲ್ಬಂನ ಕೆಳಗೆ ಬರೆದವರು, ಹಾಡಿದವರು, ನುಡಿಸಿದವರು, ಧ್ವನಿಮುದ್ರಿಸಿದವರು, ಇಷ್ಟನ್ನು ಕೊಡಿ. ನಟರ ಚಿತ್ರಕ್ಕೆ ಕೊಡುವ ಜಾಗದಲ್ಲಿ ಕಾಲು ಭಾಗ ಸಾಕು. ಕೊಳಲು ನುಡಿಸಿದವರ ಮನೆಯಲ್ಲಿ ಆ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಸಹ ಕೇಳುಗರಿಗೂ ಒಂದು ಮಾತು. ಪಟ್ಟಿಯಲ್ಲಿ ನಮ್ಮ ಇಷ್ಟದವರ ಹೆಸರು ಕೆಳಗಿದೆ ಎಂದು ಬರೆದವರನ್ನು ಬಯ್ಯುವುದು, ಅವರ ಜಾತಿ ಊರು ಕೆದಕುವುದು ಈಚೆಗೆ ಬಹಳವಾಗಿದೆ. ವಾದ ಬೇಕು, ಜೋರಾಗಿಯೇ ಬೇಕು. ಆದರೆ ಕೇಳದೆ ಇರುವ ಆಲ್ಬಂ ಬಗ್ಗೆ ಬಾಯಿ ಬಿಡಬಾರದು ಎನ್ನುವ ಒಂದೇ ನಿಯಮವನ್ನು ನಮ್ಮ ಪಡಸಾಲೆಯಲ್ಲಿ ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದೇವೆ. 'ಪೂರ್ತಿ ಕೇಳಿದೀಯೇನು?' ಎಂದು ಕೇಳಿದಾಗ 'ಇಲ್ಲ' ಎನ್ನುವವರು ಆ ವಾರ ಸುಮ್ಮನೆ ಕೂರಬೇಕು, ಮುಂದಿನ ವಾರ ಕೇಳಿಕೊಂಡು ಬರಬೇಕು. ನಿಮ್ಮ ಊರಿನಲ್ಲೂ ಹೀಗೆ ಸೇರುವವರು ಇದ್ದೇ ಇರುತ್ತಾರೆ. ನಿಮ್ಮ ಪಟ್ಟಿಯನ್ನೂ ಪತ್ರಿಕೆಗಳಿಗೆ ಕಳಿಸಿ. ಹತ್ತು ಊರಿನಿಂದ ಹೋದರೆ ಸಂಪಾದಕರು ಲಕ್ಷ್ಯ ಕೊಟ್ಟೇ ಕೊಡುತ್ತಾರೆ.

ಸಂಪಾದಕರೇ, ನಮ್ಮ ಗುಂಪು ಈ ಸಲ ತಲಾ 100 ಅಂಕದ ಕ್ರಮವನ್ನೇ ಇಟ್ಟುಕೊಳ್ಳಲಿದೆ. ಡಿಸೆಂಬರ್ 31ರವರೆಗೆ ಬಂದ ಎಲ್ಲವೂ ಲೆಕ್ಕಕ್ಕೆ. ಸಿನಿಮಾ, ಭಾವಗೀತೆ, ವಚನ, ಜಾನಪದ, ರಂಗಗೀತೆ, ಬ್ಯಾಂಡ್ ಎಂಬ ಭೇದವಿಲ್ಲ. ಜನವರಿ ಮೊದಲ ಭಾನುವಾರ ಕೂತು ಕೂಡಿಸುತ್ತೇವೆ. ಕೂಡಿಸಿದ ಮೊತ್ತವನ್ನೂ, ಒಬ್ಬೊಬ್ಬರು ಬರೆದ ಹಾಳೆಯನ್ನೂ ಮರುದಿನವೇ ನಿಮಗೆ ಅಂಚೆಗೆ ಹಾಕುತ್ತೇವೆ. ಅಚ್ಚು ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ನಿಮ್ಮ ಪಟ್ಟಿಯನ್ನು ಅಂತಿಮ ಮಾಡುವ ಮುನ್ನ ನಮ್ಮದರಲ್ಲಿ ನೀವು ಹೆಸರೇ ಕೇಳಿರದ ಒಂದು ಆಲ್ಬಂ ಇದ್ದರೆ, ದಯವಿಟ್ಟು ಅದನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿ, ಆಮೇಲೆ ಬೇಡವೆನಿಸಿದರೆ ಯಾಕೆ ಬೇಡ ಎಂದು ನಮಗೆ ಬರೆಯಿರಿ.

ಇಂತಿ,
ದಾವಣಗೆರೆಯ ಒಬ್ಬ ಕೇಳುಗ